ಮಡಿಕೇರಿಯ ಯುದ್ಧ ಸ್ಮಾರಕ: ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಗೆ ಬರುವ ಪ್ರವಾಸಿಗರು ರಾಜಾಸೀಟು, ಅಬ್ಬಿ ಜಲಪಾತ ಎಲ್ಲ ಮುಗಿಸಿ, ಬಸ್ಸಿಗೆ ಇನ್ನೂ ಹೊತ್ತಿದೆ ಅನ್ನುವಾಗ "ಇಲ್ಲೆಲ್ಲೋ ಟ್ಯಾಂಕ್ ನಿಲ್ಲಿಸಿದ್ದಾರಂತಲ್ಲ, ಎಲ್ಲಿ?" ಎಂದು ವಿಚಾರಿಸುತ್ತಾರೆ. ಊರಿನವರು ಕೇಳುವುದು ಬೇರೆ. ಬರ್ಮಾದಲ್ಲಿ ಸತ್ತ ಅಜ್ಜನ ಹೆಸರು ಯಾವ ಕಲ್ಲಿನ ಮೇಲಿದೆ, ಇಪ್ಪತ್ತಾರು ಜುಲೈಗೆ ಕಾರ್ಯಕ್ರಮ ಎಷ್ಟು ಗಂಟೆಗೆ, ಸೈನಿಕರಲ್ಲದವರನ್ನು ಯಾರು ನೆನೆಯುತ್ತಾರೆ. ಎರಡೂ ಬಗೆಯ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದೆ.

ಮಡಿಕೇರಿಯ ಯುದ್ಧ ಸ್ಮಾರಕ ಇರುವುದು ಎಲ್ಲಿ?

'ಸನ್ನಿಸೈಡ್' ಆವರಣದಲ್ಲಿ. ಆಟೋದವರಿಗೆ ಈ ಹೆಸರು ಹೇಳಿದರೆ ಸಾಕು, ಇಲ್ಲವೇ "ತಿಮ್ಮಯ್ಯ ಮ್ಯೂಸಿಯಂ" ಎನ್ನಿ. ಜನರಲ್ ಕೆ.ಎಸ್. ತಿಮ್ಮಯ್ಯನವರ ಮನೆಯನ್ನು ವಸ್ತುಸಂಗ್ರಹಾಲಯ ಮಾಡಿದಾಗ ಅಂಗಳದಲ್ಲೇ ಯುದ್ಧ ಸ್ಮಾರಕವನ್ನೂ ಕಟ್ಟಿದರು. 2021ರ ಫೆಬ್ರವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಉದ್ಘಾಟಿಸಿದ್ದು. ಹೊರಗೆ ಟ್ಯಾಂಕ್, ಯುದ್ಧ ವಿಮಾನ, ಸ್ಮಾರಕ. ಒಳಗೆ ತಿಮ್ಮಯ್ಯನವರ ಬದುಕಿನ ಕೋಣೆಗಳು, ಸೇನೆಯ ಸಾಮಗ್ರಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸನ್ನಿಸೈಡ್ ಒಂದನ್ನೇ ನೋಡಿ "ಯುದ್ಧ ಸ್ಮಾರಕ ನೋಡಿದೆವು" ಎಂದು ಹೊರಟರೆ ಅರ್ಧವೂ ನೋಡಿದಂತಾಗುವುದಿಲ್ಲ. ಮಡಿಕೇರಿಯಲ್ಲಿ ಸತ್ತವರ ನೆನಪು ಒಂದು ಕಾಂಪೌಂಡಿನೊಳಗೆ ಇಲ್ಲ. ಅದು ಟ್ರಾಫಿಕ್ಕಿನ ನಡುವಿನ ವೃತ್ತಗಳಲ್ಲಿ, ಹಳೇ ಕೋಟೆಯಲ್ಲಿ, ಅರಸರ ಗೋರಿಗಳಿರುವ ಗದ್ದಿಗೆಯಲ್ಲಿ, ಕೊಡವರ ಮೂಲಮನೆಗಳಾದ ಐನ್‌ಮನೆಗಳ ಗೋಡೆಯ ಫೋಟೊಗಳಲ್ಲಿ ಚದುರಿಕೊಂಡಿದೆ. ಮುಂದಿನ ಉತ್ತರಗಳೂ ಹಾಗೇ ಚದುರಿಕೊಂಡೇ ಇವೆ.

ತಿಮ್ಮಯ್ಯನವರು ಯುದ್ಧದಲ್ಲಿ ಸತ್ತವರಲ್ಲವಲ್ಲ? ಅವರ ಮನೆಯಲ್ಲೇ ಯಾಕೆ ಸ್ಮಾರಕ?

ಪ್ರಶ್ನೆ ನ್ಯಾಯವಾದದ್ದೇ. ಅವರು ಗುಂಡೇಟಿಗೆ ಬಿದ್ದವರಲ್ಲ. ಆದರೆ ಮನೆಯಲ್ಲಿ ಆರಾಮಕುರ್ಚಿಯ ಮೇಲೆ ಸತ್ತವರೂ ಅಲ್ಲ. ಭೂಸೇನೆಯ ಮುಖ್ಯಸ್ಥರಾಗಿ ನಿವೃತ್ತರಾದ ಮೇಲೆ, 1964ರಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ನಡೆಸಲು ಸೈಪ್ರಸ್‌ಗೆ ಹೋದರು. ಗ್ರೀಕ್ ಮತ್ತು ತುರ್ಕಿ ಸೈಪ್ರಸ್‌ನವರು ಒಬ್ಬರ ಮೇಲೊಬ್ಬರು ಬಂದೂಕು ಎತ್ತಿದ್ದ ಕಾಲ. 1965ರ ಡಿಸೆಂಬರ್ 18ರಂದು ಅಲ್ಲೇ, ಕೆಲಸದ ಮೇಲಿರುವಾಗಲೇ ಹೃದಯಾಘಾತದಿಂದ ತೀರಿಕೊಂಡರು. ಮುಂದಿನ ವರ್ಷ ಸೈಪ್ರಸ್ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ತಂದಿತು.

ಹುಟ್ಟಿದ್ದು ಮಡಿಕೇರಿಯಲ್ಲೇ, 1906ರಲ್ಲಿ. ಎರಡನೇ ಮಹಾಯುದ್ಧದಲ್ಲಿ ರಣರಂಗದಲ್ಲಿ ಒಂದು ಬ್ರಿಗೇಡ್ ನಡೆಸಿದ ಒಬ್ಬನೇ ಭಾರತೀಯ ಅಧಿಕಾರಿ ಅವರು. ಬರ್ಮಾದ ಅರಕಾನ್ ಕರಾವಳಿಯಲ್ಲಿ, ಜಪಾನೀಯರ ಎದುರು. ಸ್ವಾತಂತ್ರ್ಯ ಬಂದ ಮರುವರ್ಷವೇ ಕಾಶ್ಮೀರ. 1948ರ ನವೆಂಬರ್ 1ರಂದು, ಹನ್ನೊಂದು ಸಾವಿರ ಅಡಿಗೂ ಎತ್ತರದ ಜೋಜಿ ಲಾ ಕಣಿವೆಗೆ ಲಘು ಟ್ಯಾಂಕುಗಳನ್ನು ಹತ್ತಿಸಿದರು. ಅಷ್ಟು ಎತ್ತರಕ್ಕೆ ಟ್ಯಾಂಕ್ ಬರುತ್ತದೆಂದು ಎದುರಿನವರು ಕನಸಲ್ಲೂ ಎಣಿಸಿರಲಿಲ್ಲ. ಮೇಜರ್ ಜನರಲ್ ಆಗಿದ್ದವರು ಹಿಂದೆ ಕೂತು ವೈರ್‌ಲೆಸ್‌ನಲ್ಲಿ ಆಜ್ಞೆ ಕೊಡಬಹುದಿತ್ತು. ಮುಂದಿನ ಟ್ಯಾಂಕಿನಲ್ಲೇ ಹೋದರು. 1953ರಲ್ಲಿ ಕೊರಿಯಾದ ಯುದ್ಧಕೈದಿಗಳ ವಾಪಸಾತಿಯ ತಟಸ್ಥ ಆಯೋಗಕ್ಕೆ ಅವರೇ ಅಧ್ಯಕ್ಷರು. 1957ರಿಂದ 1961ರವರೆಗೆ ಸೇನೆಯ ಮುಖ್ಯಸ್ಥರು. ಆ ನಡುವೆ 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಜತೆ ಜಟಾಪಟಿಯಾಗಿ ರಾಜೀನಾಮೆ ಕೊಟ್ಟದ್ದು, ನೆಹರೂ ಕೇಳಿಕೊಂಡ ಮೇಲೆ ಹಿಂದಕ್ಕೆ ಪಡೆದದ್ದು ಎಲ್ಲರಿಗೂ ಗೊತ್ತಿರುವ ಕಥೆ.

ಅಷ್ಟಾಗಿ ಗೊತ್ತಿಲ್ಲದ ಇನ್ನೊಂದು ಕಥೆ ಅದೇ ಮನೆಯಲ್ಲಿದೆ. ತಿಮ್ಮಯ್ಯ ಬ್ರಿಟಿಷ್ ಭಾರತೀಯ ಸೇನೆಯಲ್ಲಿ ಬರ್ಮಾದಲ್ಲಿ ಹೋರಾಡುತ್ತಿದ್ದರೆ, ಅವರ ಅಣ್ಣ ಪೊನ್ನಪ್ಪ ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜ್ ಸೇರಿದ್ದರು. ಒಂದೇ ತಾಯಿಯ ಮಕ್ಕಳು, ಎದುರುಬದುರು ಪಡೆಗಳಲ್ಲಿ. ಯುದ್ಧ ಸ್ಮಾರಕಕ್ಕೆ ಈ ಮನೆ ತಕ್ಕದ್ದು ಎಂದು ನನಗನ್ನಿಸುವುದಕ್ಕೆ ಜೋಜಿ ಲಾಗಿಂತ ಇದೇ ದೊಡ್ಡ ಕಾರಣ.

ಕಾರ್ಯಪ್ಪನವರ ಸ್ಮಾರಕವೂ ಅಲ್ಲೇ ಇದೆಯಾ?

ಇಲ್ಲ. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪನವರ ಮನೆ 'ರೋಷನಾರಾ' ಮಡಿಕೇರಿಯಲ್ಲೇ ಬೇರೆ ಕಡೆ ಇದೆ. 1993ರ ಮೇ 15ರಂದು ಬೆಂಗಳೂರಿನಲ್ಲಿ ತೀರಿಕೊಂಡ ಅವರ ಅಂತ್ಯಕ್ರಿಯೆ ನಡೆದದ್ದು ರೋಷನಾರಾದ ಆವರಣದಲ್ಲಿ. ಅದು ಕುಟುಂಬದ ಖಾಸಗಿ ಜಾಗ, ಗೇಟು ತಳ್ಳಿಕೊಂಡು ಹೋಗುವ ಪ್ರವಾಸಿ ತಾಣ ಎಂದುಕೊಳ್ಳಬೇಡಿ. ಪೇಟೆಯಲ್ಲಿ ಅವರ ಪ್ರತಿಮೆಯಿದೆ, ಊರಿನ ಕಾಲೇಜಿಗೂ ಅವರದೇ ಹೆಸರು. ಗೋಣಿಕೊಪ್ಪದ ಕಾವೇರಿ ಕಾಲೇಜಿನಲ್ಲಿ ಕಾರ್ಯಪ್ಪ, ತಿಮ್ಮಯ್ಯ ಇಬ್ಬರ ಪ್ರತಿಮೆಗಳೂ ಇವೆ. 2017ರ ನವೆಂಬರ್‌ನಲ್ಲಿ ಜನರಲ್ ಬಿಪಿನ್ ರಾವತ್ ಅನಾವರಣ ಮಾಡಿದ್ದು.

ಇಬ್ಬರೂ ಕೊಡಂದೇರ ಮನೆತನದವರು. ಆದ್ದರಿಂದ ಹೊರಗಿನವರು ಇವರನ್ನು ಅಣ್ಣತಮ್ಮ ಎಂದು ಗೊಂದಲ ಮಾಡಿಕೊಳ್ಳುವುದುಂಟು. ಒಂದೇ ಒಕ್ಕದವರು, ಅಷ್ಟೇ.

ಕಾರ್ಯಪ್ಪ ತಮ್ಮ ಮಗನನ್ನು ಪಾಕಿಸ್ತಾನದಿಂದ ಬಿಡಿಸಿಕೊಳ್ಳಲಿಲ್ಲ ಅನ್ನುವುದು ನಿಜವಾ?

ನಿಜ. 1965ರ ಯುದ್ಧದ ಕೊನೆಯಲ್ಲಿ ವಾಯುಪಡೆಯಲ್ಲಿದ್ದ ಮಗ ಕೆ.ಸಿ. ಕಾರ್ಯಪ್ಪ ಅವರ ವಿಮಾನ ಗುಂಡಿಗೆ ಸಿಕ್ಕಿ ಅವರು ಸೆರೆಯಾದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಇದ್ದವರು, ಪರಿಚಯ ಚೆನ್ನಾಗಿತ್ತು. ಮಗನನ್ನು ಬಿಡುವ ಪ್ರಸ್ತಾಪ ಬಂದಾಗ, ಅಲ್ಲಿರುವ ಕೈದಿಗಳೆಲ್ಲ ನನ್ನ ಮಕ್ಕಳೇ, ಅವನೊಬ್ಬನಿಗೆ ಬೇರೆ ಮರ್ಯಾದೆ ಬೇಡ ಎಂಬ ಅರ್ಥದಲ್ಲಿ ಕಾರ್ಯಪ್ಪ ಉತ್ತರ ಕಳಿಸಿದರು. ಮಗ ಉಳಿದವರ ಜತೆಗೇ ವಾಪಸು ಬಂದರು. ಮುಂದೆ ಏರ್ ಮಾರ್ಷಲ್ ಆಗಿ ನಿವೃತ್ತರಾದರು.

ಪೇಟೆಯ ವೃತ್ತದಲ್ಲಿ ವಾಯುಪಡೆಯ ಒಬ್ಬರ ಪ್ರತಿಮೆ ಇದೆಯಲ್ಲ, ಅವರು ಯಾರು?

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೊಪ್ಪಯ್ಯ ದೇವಯ್ಯ. ಕೊಡಗಿನ ಹುತಾತ್ಮರಲ್ಲಿ ಒಬ್ಬರ ಕಥೆಯನ್ನಷ್ಟೇ ಕೇಳಲು ನಿಮಗೆ ಹೊತ್ತಿದ್ದರೆ ಇವರದ್ದನ್ನು ಕೇಳಿ.

1965ರ ಸೆಪ್ಟೆಂಬರ್ 7. ಭಾರತದ ವಾಯುಪಡೆಯ 1ನೇ ಸ್ಕ್ವಾಡ್ರನ್‌ನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯ ಮುಖ್ಯ ತಂಡದಲ್ಲಿರಲಿಲ್ಲ, ಯಾರಾದರೂ ತಪ್ಪಿದರೆ ಎಂದು ಇಟ್ಟಿದ್ದ ಕಾಯ್ದಿರಿಸಿದ ಪೈಲಟ್. ಜಾಗ ತೆರವಾಯಿತು, ಹಾರಿದರು. ಹಿಂತಿರುಗುವಾಗ ಪಾಕಿಸ್ತಾನದ ಎಫ್-104 ಸ್ಟಾರ್‌ಫೈಟರ್ ಒಂದು ಎದುರಾಯಿತು. ಅದು ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲ ವಿಮಾನ. ಮಿಸ್ಟೇರ್ ಅದರ ಮುಂದೆ ನಿಧಾನದ್ದು, ಹಳೆಯದು. ಮೊದಲ ಏಟು ತಿಂದದ್ದೂ ದೇವಯ್ಯನವರ ವಿಮಾನವೇ. ಆದರೂ ಅವರು ತಿರುಗಿ ನಿಂತು ಕಾದಾಡಿ ಆ ಸ್ಟಾರ್‌ಫೈಟರನ್ನು ಕೆಡವಿದರು. ಅದರ ಪೈಲಟ್ ಪ್ಯಾರಾಚೂಟ್ ಬಿಚ್ಚಿಕೊಂಡು ಬದುಕಿದ. ದೇವಯ್ಯ ವಾಪಸಾಗಲಿಲ್ಲ.

ಇಲ್ಲಿಂದ ಮುಂದಿನದು ನನಗೆ ಹೆಚ್ಚು ಮುಖ್ಯ. ಭಾರತದಲ್ಲಿ ಯಾರಿಗೂ ಅಲ್ಲಿ ನಡೆದದ್ದು ತಿಳಿದಿರಲಿಲ್ಲ. ಜತೆಗಾರರು ನೋಡಿರಲಿಲ್ಲ, ರೇಡಿಯೊದಲ್ಲಿ ಮಾತು ಬಂದಿರಲಿಲ್ಲ. ದಾಖಲೆಯಲ್ಲಿ 'ಕಾಣೆ'. ಬ್ರಿಟಿಷ್ ಲೇಖಕರೊಬ್ಬರು ಪಾಕಿಸ್ತಾನದ ವಾಯುಪಡೆಯ ಕಡೆಯಿಂದ ಆ ಯುದ್ಧದ ಬಗ್ಗೆ ಬರೆದದ್ದು 1979ರಲ್ಲಿ ಹೊರಬಂದಾಗಲೇ ಆ ಸ್ಟಾರ್‌ಫೈಟರ್ ಬಿದ್ದದ್ದು ಮಿಸ್ಟೇರ್ ಕೈಯಲ್ಲಿ ಎಂಬುದು ಗೊತ್ತಾಯಿತು. ಅದು ಯಾರ ಮಿಸ್ಟೇರ್ ಎಂದು ಲೆಕ್ಕ ಹಾಕಿ ನೋಡಿದರೆ ದೇವಯ್ಯನವರದೇ. 1988ರಲ್ಲಿ ಮಹಾವೀರ ಚಕ್ರ ಬಂತು. ಸತ್ತ 23 ವರ್ಷದ ಮೇಲೆ, ಅದೂ ಶತ್ರುಪಕ್ಷದವರ ಸಾಕ್ಷಿಯ ಬಲದಿಂದ. ವೃತ್ತದಲ್ಲಿ ಸಿಗ್ನಲ್ಲಿಗಾಗಿ ನಿಂತಾಗ ಒಮ್ಮೆ ಇದನ್ನು ಪಕ್ಕದವರಿಗೆ ಹೇಳಿ.

ಮೇಜರ್ ಮಂಗೇರಿರ ಮುತ್ತಣ್ಣನವರ ಪ್ರತಿಮೆಯೂ ಪೇಟೆಯಲ್ಲಿದೆ. ಜಮ್ಮು-ಕಾಶ್ಮೀರದಲ್ಲಿ ಉಗ್ರರ ವಿರುದ್ಧದ ಕಾರ್ಯಾಚರಣೆಯಲ್ಲಿ ಪ್ರಾಣ ಕೊಟ್ಟವರು, ಶೌರ್ಯ ಚಕ್ರ ಪಡೆದವರು.

ತಿಮ್ಮಯ್ಯನವರ ಪ್ರತಿಮೆಗೆ ಬಸ್ಸು ಗುದ್ದಿತ್ತಲ್ಲ, ಈಗ ಇದೆಯಾ?

ಇದೆ. 2023ರ ಆಗಸ್ಟ್‌ನಲ್ಲಿ ಬಸ್ಸು ಡಿಕ್ಕಿಯಾಗಿ ಪ್ರತಿಮೆ ಬುಡಸಮೇತ ಉರುಳಿತ್ತು. ದುರಸ್ತಿ ಮಾಡಿಸಿ ಮತ್ತೆ ನಿಲ್ಲಿಸಿದ್ದಾರೆ. ಘಾಟಿ ರಸ್ತೆಯ ಇಕ್ಕಟ್ಟಿನ ವೃತ್ತದಲ್ಲಿ ಪ್ರತಿಮೆ ಇಟ್ಟರೆ ಇದೆಲ್ಲ ಆಗುವುದೇ ಎಂದು ಒಬ್ಬರು, ವೃತ್ತದಲ್ಲಿ ಇಡದಿದ್ದರೆ ಯಾರು ನೋಡುತ್ತಾರೆ ಎಂದು ಇನ್ನೊಬ್ಬರು. ನಾನು ಎರಡನೆಯವರ ಪಕ್ಷ.

ಸೈನಿಕರಲ್ಲದೆ ಸತ್ತ ನಾಗರಿಕರಿಗೆ ಸ್ಮಾರಕ ಇಲ್ಲವೇ?

ಸನ್ನಿಸೈಡ್‌ನದು ಸೈನಿಕರಿಗಾಗಿಯೇ ಕಟ್ಟಿದ್ದು. ಸಮವಸ್ತ್ರ ತೊಡದೆ ಸತ್ತವರನ್ನು ಹುಡುಕಬೇಕಾದರೆ ಬೇರೆ ಕಡೆ ಹೋಗಬೇಕು.

ಮೊದಲು ಕೋಟೆ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಚಿಕ್ಕವೀರರಾಜನನ್ನು ಇಳಿಸಿ ಕೊಡಗನ್ನು ನುಂಗಿತು. ಅಮರ ಸುಳ್ಯ, ಪುತ್ತೂರಿನ ಸೀಮೆಯನ್ನು ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿತು. ಕಂದಾಯವನ್ನು ಧಾನ್ಯದ ಬದಲು ನಗದಿನಲ್ಲೇ ಕಟ್ಟಬೇಕೆಂದಾಗ ರೈತರ ತಾಳ್ಮೆ ಕೆಟ್ಟಿತು. 1837ರ ಏಪ್ರಿಲ್‌ನಲ್ಲಿ ದಂಗೆಯೆದ್ದವರು ಸುಳ್ಯದಿಂದ ಇಳಿದು ಮಂಗಳೂರನ್ನೇ ಹಿಡಿದುಕೊಂಡು, ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಹಾರಿಸಿದರು. ಕೆಲವೇ ದಿನಗಳ ಆಳ್ವಿಕೆ. ಕಂಪನಿಯ ಪಡೆ ಬಂದ ಮೇಲೆ ಮುಂದಾಳುಗಳನ್ನು ಒಬ್ಬೊಬ್ಬರಾಗಿ ಹಿಡಿದರು. ಅವರಲ್ಲಿ ಸುಬೇದಾರ್ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ, ಜನ ನೋಡಲೆಂದೇ ಬಹಿರಂಗವಾಗಿ ಗಲ್ಲಿಗೇರಿಸಿದರು. ಈಗ ಅವರ ಪ್ರತಿಮೆ ಮಡಿಕೇರಿಯಲ್ಲಿದೆ. ಪ್ರತಿವರ್ಷ ಅಕ್ಟೋಬರ್ 31ರಂದು ಅರೆಭಾಷೆ ಗೌಡ ಸಮಾಜದವರು ಮಾತ್ರವಲ್ಲ, ಇತರರೂ ಸೇರಿ ಮಾಲೆ ಹಾಕುತ್ತಾರೆ. ಅಪ್ಪಯ್ಯ ಗೌಡರ ಹೆಸರಾದರೂ ಉಳಿಯಿತು. ಅವರ ಹಿಂದೆ ನಡೆದು ಬಂದ ರೈತರಲ್ಲಿ ಎಷ್ಟೋ ಜನರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಎರಡನೆಯದು ಭಾಗಮಂಡಲದ ಹತ್ತಿರದ ದೇವಟ್ಟಿಪರಂಬು. ಟಿಪ್ಪು ಸುಲ್ತಾನನ ಕಾಲದಲ್ಲಿ, 1785ರಲ್ಲಿ, ಇಲ್ಲಿ ಕೊಡವರನ್ನು ಸುತ್ತುವರಿದು ಕೊಂದು, ಉಳಿದವರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು ಎಂಬುದು ಕೊಡವರ ಸಾಮೂಹಿಕ ನೆನಪು. ಕೊಡವ ನ್ಯಾಷನಲ್ ಕೌನ್ಸಿಲ್ ಅಲ್ಲಿ ವರ್ಷವರ್ಷ ಪುಷ್ಪನಮನ ಸಲ್ಲಿಸುತ್ತದೆ. ಸತ್ತವರ ಸಂಖ್ಯೆಯ ವಿಷಯದಲ್ಲಿ ಇತಿಹಾಸಕಾರರು ಒಪ್ಪುವುದಿಲ್ಲ. ಒಬ್ಬರು ಹೇಳುವ ಅಂಕಿಗೂ ಇನ್ನೊಬ್ಬರದಕ್ಕೂ ಹತ್ತಾರು ಪಟ್ಟು ಅಂತರ. ನವೆಂಬರ್ ಬಂತೆಂದರೆ ಟಿಪ್ಪು ಜಯಂತಿಯ ಗಲಾಟೆಯಲ್ಲಿ ಈ ಜಾಗದ ಹೆಸರನ್ನು ಎರಡೂ ಕಡೆಯವರು ಎಳೆದಾಡುತ್ತಾರೆ. ಅಲ್ಲಿಗೆ ಹೋಗುವವರು ಆ ಜಗಳವನ್ನು ಜತೆಗೆ ಒಯ್ಯದಿದ್ದರೆ ಒಳ್ಳೆಯದು.

ಮೂರನೆಯದು ಗಾಂಧಿ ಮಂಟಪ, ರಾಜಾಸೀಟಿನ ಹತ್ತಿರ. ಗಾಂಧೀಜಿಯವರ ಚಿತಾಭಸ್ಮದ ಒಂದು ಭಾಗ ಮಡಿಕೇರಿಯ ಖಜಾನೆಯಲ್ಲಿ ಭದ್ರವಾಗಿದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಪ್ರತಿವರ್ಷ ಜನವರಿ 30ರಂದು ಅದನ್ನು ಖಜಾನೆಯಿಂದ ಹೊರತೆಗೆದು ಪೊಲೀಸ್ ಗೌರವದೊಂದಿಗೆ ಮಂಟಪಕ್ಕೆ ತಂದು, ಸರ್ವಧರ್ಮ ಪ್ರಾರ್ಥನೆ ಮುಗಿಸಿ ಮತ್ತೆ ಒಳಗಿಡುತ್ತಾರೆ. ಹುತಾತ್ಮರ ದಿನವನ್ನು ಮಡಿಕೇರಿಯಲ್ಲಿ ನೋಡಬೇಕಾದದ್ದು ಈ ಕಾರಣಕ್ಕೆ.

ಬಂದೂಕು ತಲೆಕೆಳಗಾಗಿ ನಿಲ್ಲಿಸಿ ಮೇಲೆ ಹೆಲ್ಮೆಟ್ ಇಡುವುದು ಯಾಕೆ?

ರಣರಂಗದಲ್ಲಿ ಸೈನಿಕ ಬಿದ್ದ ಜಾಗದಲ್ಲಿ ಅವನದೇ ರೈಫಲನ್ನು ನೆಲಕ್ಕೆ ಚುಚ್ಚಿ, ಅವನದೇ ಹೆಲ್ಮೆಟ್ ಮೇಲಿಟ್ಟು ಗುರುತು ಮಾಡುತ್ತಿದ್ದರು. ಹಿಂದೆ ಬರುವವರಿಗೆ ದೇಹ ಎಲ್ಲಿದೆಯೆಂದು ತಿಳಿಯಲಿ ಎಂದು. ಅದೇ ಸ್ಮಾರಕದ ಚಿಹ್ನೆಯಾಯಿತು. ಗೌರವ ಸಲ್ಲಿಸುವ ತುಕಡಿಯವರು 'ಶೋಕ್ ಶಸ್ತ್ರ' ಎಂಬ ಆಜ್ಞೆಗೆ ಬಂದೂಕಿನ ನಳಿಗೆಯನ್ನು ಕೆಳಗೆ ಮಾಡಿ ತಲೆ ತಗ್ಗಿಸುತ್ತಾರೆ. ಆಮೇಲೆ ಬ್ಯೂಗಲ್‌ನಲ್ಲಿ 'ಲಾಸ್ಟ್ ಪೋಸ್ಟ್', ಎರಡು ನಿಮಿಷ ಮೌನ, ಮತ್ತೆ 'ರೌಸ್'. ಲಾಸ್ಟ್ ಪೋಸ್ಟ್ ಹಿಂದೆ ಶಿಬಿರದಲ್ಲಿ ದಿನದ ಕೆಲಸ ಮುಗಿಯಿತೆಂದು ಊದುತ್ತಿದ್ದದ್ದು, ರೌಸ್ ಬೆಳಿಗ್ಗೆ ಎಬ್ಬಿಸಲು. ಬ್ಯೂಗಲ್ ಶುರುವಾದ ಕೂಡಲೇ ಚಪ್ಪಾಳೆ ತಟ್ಟಬೇಡಿ.

ಕೊಡವರ ಮನೆಗಳಲ್ಲಿ ಸಾವಿನ ಸುದ್ದಿ ಊರಿಗೆ ತಿಳಿಸಲು ಎರಡು ಗುಂಡು ಹಾರಿಸುವ ರೂಢಿ ಇದೆ. ಹಾಗಾಗಿ ಹುತಾತ್ಮ ಸೈನಿಕನ ಅಂತ್ಯಕ್ರಿಯೆಯಲ್ಲಿ ಸೇನೆಯ ಗುಂಡಿನ ಸದ್ದು ಇಲ್ಲಿಯವರ ಕಿವಿಗೆ ಪರಕೀಯವಲ್ಲ.

ಯಾವ ದಿನ ಬಂದರೆ ಕಾರ್ಯಕ್ರಮ ನೋಡಬಹುದು?

ಜನವರಿ 15, ಸೇನಾ ದಿನ. 1949ರಲ್ಲಿ ಈ ದಿನವೇ ಕಾರ್ಯಪ್ಪನವರು ಬ್ರಿಟಿಷ್ ಜನರಲ್ ಬುಚರ್ ಕೈಯಿಂದ ಸೇನೆಯ ಅಧಿಕಾರ ವಹಿಸಿಕೊಂಡದ್ದು, ದೇಶವೆಲ್ಲ ಆಚರಿಸುವುದೂ ಅದನ್ನೇ. ಜನವರಿ 28 ಕಾರ್ಯಪ್ಪ ಜಯಂತಿ, ಮಾರ್ಚ್ 31 ತಿಮ್ಮಯ್ಯ ಜಯಂತಿ. ಜುಲೈ 26 ಕಾರ್ಗಿಲ್ ವಿಜಯ ದಿವಸ. ಸೆಪ್ಟೆಂಬರ್ 7 ದೇವಯ್ಯನವರ ಸ್ಮರಣೆ. ಡಿಸೆಂಬರ್ 16 ವಿಜಯ ದಿವಸ, ಅಂದರೆ 1971ರಲ್ಲಿ ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾದ ದಿನ.

ಜುಲೈ 26ಕ್ಕೆ ಬರುವುದಾದರೆ ಕಕ್ಕಡ ತಿಂಗಳ ಮಳೆ ಮರೆಯಬೇಡಿ. ಮಾಜಿ ಸೈನಿಕರು ಕೋಟಿಗೆ ಪದಕ ಸಿಕ್ಕಿಸಿ ನೆನೆಯುತ್ತಲೇ ಅಟೆನ್ಷನ್‌ನಲ್ಲಿ ನಿಂತಿರುತ್ತಾರೆ. ಎದುರಿಗೆ ಕೊಡೆ ಹಿಡಿದು ಹರಟುವುದು ಚೆನ್ನಾಗಿ ಕಾಣುವುದಿಲ್ಲ. ರೇನ್‌ಕೋಟ್ ತನ್ನಿ.

ನಮ್ಮ ಮುತ್ತಾತ ಮಹಾಯುದ್ಧದಲ್ಲಿ ಸತ್ತರಂತೆ. ಅವರ ಹೆಸರು ಹುಡುಕುವುದು ಹೇಗೆ?

ಊರಿನವರಿಂದ ಹೆಚ್ಚು ಬರುವ ಪ್ರಶ್ನೆ ಇದು. ಮಡಿಕೇರಿಯಲ್ಲಿ ಹುಡುಕಿ ಸಿಗದೆ ಹೆಚ್ಚಿನವರು ಬೇಸರ ಮಾಡಿಕೊಳ್ಳುತ್ತಾರೆ.

1947ಕ್ಕೆ ಮೊದಲು ಸತ್ತವರ ಹೆಸರು ಇರುವುದು ಅವರು ಸತ್ತ ನಾಡಿನ ಸ್ಮಾರಕದಲ್ಲಿ. ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕಿಗೆ ಹೋದವರಾದರೆ ಬಸ್ರಾ ಸ್ಮಾರಕ. ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿ ಸತ್ತು ಸಮಾಧಿ ಸಿಗದವರಾದರೆ ಯಾಂಗೂನ್ ಹೊರವಲಯದ ತೌಕ್ಯಾನ್‌ನಲ್ಲಿರುವ ರಂಗೂನ್ ಸ್ಮಾರಕ. ಮಲಯಾ, ಸಿಂಗಪುರದ ಕಡೆಯಾದರೆ ಕ್ರಾಂಜಿ. ಈಜಿಪ್ಟಾದರೆ ಎಲ್ ಅಲಮೇನ್. ಇವನ್ನೆಲ್ಲ ನೋಡಿಕೊಳ್ಳುವುದು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ. ಅವರ ಜಾಲತಾಣದಲ್ಲಿ ಹೆಸರು, ರೆಜಿಮೆಂಟ್, ತಾರೀಕು ಹಾಕಿ ಉಚಿತವಾಗಿ ಹುಡುಕಬಹುದು. ದೆಹಲಿಯ ಇಂಡಿಯಾ ಗೇಟ್ ಮೇಲೆ 13,000ಕ್ಕೂ ಹೆಚ್ಚು ಹೆಸರುಗಳಿವೆ. ಮೊದಲ ಮಹಾಯುದ್ಧ ಮತ್ತು 1919ರ ಆಫ್ಘನ್ ಯುದ್ಧದ ಕಾಲದವು ಅವು.

ಬಸ್ರಾದ ವಿಷಯ ಒಂದು ಕಹಿ ಸತ್ಯ. ಬ್ರಿಟಿಷ್ ಸೈನಿಕರ ಹೆಸರೆಲ್ಲ ಅಲ್ಲಿ ಕಲ್ಲಿನ ಮೇಲೆ ಕೆತ್ತಿದರು. ಭಾರತೀಯರಲ್ಲಿ ಅಧಿಕಾರಿಗಳ ಹೆಸರು ಮಾತ್ರ ಕೆತ್ತಿ, ಸಿಪಾಯಿಗಳನ್ನು ಬರೀ ಸಂಖ್ಯೆಯಾಗಿ ಬಿಟ್ಟರು. 2021ರಲ್ಲಿ ಆಯೋಗವೇ ಈ ಭೇದಭಾವ ನಡೆದದ್ದನ್ನು ಒಪ್ಪಿ ಕ್ಷಮೆ ಕೇಳಿತು. ಆದ್ದರಿಂದ ನಿಮ್ಮ ಮುತ್ತಾತ ಸಿಪಾಯಿಯಾಗಿದ್ದು ಹೆಸರು ಕಲ್ಲಿನ ಮೇಲಿಲ್ಲದಿದ್ದರೆ ಮನೆಯಲ್ಲಿ ಹೇಳಿಕೊಂಡು ಬಂದ ಕಥೆ ಸುಳ್ಳೆಂದು ತೀರ್ಮಾನಿಸಬೇಡಿ.

ಆಜಾದ್ ಹಿಂದ್ ಫೌಜಿಗೆ ಸೇರಿದ್ದವರ ಹೆಸರು ಈ ಯಾವ ಪಟ್ಟಿಯಲ್ಲೂ ಸಿಗದು. ಬೋಸರು ಸಿಂಗಪುರದಲ್ಲಿ ಕಟ್ಟಿಸಿದ ಸ್ಮಾರಕವನ್ನು ಬ್ರಿಟಿಷರು 1945ರಲ್ಲಿ ವಾಪಸು ಬಂದ ಕೂಡಲೇ ಒಡೆಸಿದರು.

1947ರ ನಂತರ ಸತ್ತವರಾದರೆ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ. 2019ರ ಫೆಬ್ರವರಿ 25ರಂದು ಉದ್ಘಾಟನೆಯಾಯಿತು. ಅಲ್ಲಿ ಒಂದರೊಳಗೊಂದು ನಾಲ್ಕು ಚಕ್ರಗಳು: ಅಮರ, ವೀರತಾ, ತ್ಯಾಗ, ರಕ್ಷಕ. ಹೆಸರುಗಳಿರುವುದು ತ್ಯಾಗ ಚಕ್ರದ ಗೋಡೆಗಳ ಮೇಲೆ, ಬಂಗಾರದ ಅಕ್ಷರಗಳಲ್ಲಿ; ಆರಂಭದಲ್ಲೇ 25,942 ಹೆಸರುಗಳಿದ್ದವು. ಅದರ ಜಾಲತಾಣದಲ್ಲೂ ಹುಡುಕಬಹುದು.

ಹುಡುಕುವಾಗ ಒಂದು ಉಪಾಯ. ನಮ್ಮಲ್ಲಿ ಮನೆಹೆಸರು ಮೊದಲು, ವ್ಯಕ್ತಿಯ ಹೆಸರು ಆಮೇಲೆ. ಸೇನೆಯ ಗುಮಾಸ್ತರಿಗೆ ಇದು ಗೊತ್ತಿರಲಿಲ್ಲ. ಒಬ್ಬರ ಮನೆಹೆಸರು ಇನಿಷಿಯಲ್ ಆಗಿದೆ, ಇನ್ನೊಬ್ಬರದು ಬಿಟ್ಟೇ ಹೋಗಿದೆ. ಕಾರ್ಯಪ್ಪ ಎಂಬುದನ್ನು 'ಕರಿಯಪ್ಪ' ಎಂಬಂತೆ ಓದುವ ಕಾಗುಣಿತ ಎಲ್ಲ ಕಡೆ ಸಿಗುತ್ತದೆ. ತಿಮ್ಮಯ್ಯ, ಮುತ್ತಣ್ಣ, ಅಯ್ಯಪ್ಪಗಳಿಗೂ ನಾಲ್ಕೈದು ಬಗೆಯ ಬರಹ. ಅದಕ್ಕೇ ಸೈನಿಕ ಸಂಖ್ಯೆ ಹಿಡಿದು ಹುಡುಕಿ. ಸಂಖ್ಯೆ ಸಿಗುವುದು ಡಿಸ್ಚಾರ್ಜ್ ಪುಸ್ತಕದಲ್ಲಿ, ಪಿಂಚಣಿ ಕಾಗದದಲ್ಲಿ, ಇಲ್ಲವೇ ಪದಕದ ಅಂಚಿನಲ್ಲಿ. ಹಳೆಯ ಪದಕಗಳ ಅಂಚಿನ ಸುತ್ತ ಸಂಖ್ಯೆ, ಹೆಸರು, ಪಡೆ ಕೊರೆದಿರುವುದುಂಟು. ಹುಣಸೆಹಣ್ಣು ಹಾಕಿ ತಿಕ್ಕಿ ಹೊಳಪು ಬರಿಸುವ ಮೊದಲು ಓದಿಕೊಳ್ಳಿ. ಹಾಗೆ ತಿಕ್ಕಿ ತಿಕ್ಕಿ ಅಕ್ಷರ ಸವೆದ ಪದಕಗಳು ಕೊಡಗಿನ ಎಷ್ಟೋ ಮನೆಗಳಲ್ಲಿವೆ.

ಡ್ಯೂಟಿಯಲ್ಲಿ ಅಪಘಾತವಾಗಿ ತೀರಿಕೊಂಡವರ ಹೆಸರು ಸೇರಿಸುತ್ತಾರಾ?

ಸೇನೆ ಸಾವುಗಳನ್ನು ಯುದ್ಧಸಂಬಂಧಿ ಸಾವು, ಇತರ ಸಾವು ಎಂದು ಎರಡಾಗಿ ವಿಂಗಡಿಸುತ್ತದೆ. ರಾಷ್ಟ್ರೀಯ ಸ್ಮಾರಕದ ಪಟ್ಟಿಗೂ ಕುಟುಂಬದ ಪಿಂಚಣಿಗೂ ಈ ವಿಂಗಡಣೆಯೇ ಆಧಾರ. ಗ್ರಾಮದವರು ಇಬ್ಬರನ್ನೂ ಹುತಾತ್ಮ ಎಂದೇ ಕರೆದು, ಬಸ್ ತಂಗುದಾಣಕ್ಕೋ ರಸ್ತೆಗೋ ಹೆಸರಿಡುತ್ತಾರೆ. ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಕಾಗದಪತ್ರದ ಕೆಲಸಕ್ಕೆ ರೆಜಿಮೆಂಟಿನ ದಾಖಲೆ ಕಚೇರಿಯ ಪ್ರಮಾಣಪತ್ರ ಬೇಕೇ ಬೇಕು. ಅದನ್ನು ತರಿಸಿಕೊಳ್ಳಲು ಮಡಿಕೇರಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯವರನ್ನು ಕಾಣಿ.

ಕೊಡಗಿನಿಂದ ಇಷ್ಟೊಂದು ಜನ ಸೇನೆಗೆ ಸೇರುವುದು ಯಾಕೆ? ಎಲ್ಲರೂ ಕೊಡವರೇನಾ?

"ರಕ್ತದಲ್ಲೇ ಇದೆ" ಎಂಬ ಉತ್ತರ ಭಾಷಣಕ್ಕೆ ಚೆನ್ನ. ನಿಜವಾದ ಕಾರಣಗಳು ಭೂಮಿಯಲ್ಲಿವೆ. ಕೊಡಗನ್ನಾಳಿದ ಹಾಲೇರಿ ಅರಸರು ಜಮ್ಮಾ ಹಿಡುವಳಿ ಕೊಟ್ಟದ್ದು ಕರೆದಾಗ ಯುದ್ಧಕ್ಕೆ ಬರಬೇಕೆಂಬ ಷರತ್ತಿನ ಮೇಲೆ. ಹೊಲ ಉಳಿಯಬೇಕಾದರೆ ಬಂದೂಕು ಹಿಡಿಯಬೇಕು. 1857ರ ನಂತರ ದೇಶದ ಉಳಿದವರಿಂದ ಆಯುಧ ಕಿತ್ತುಕೊಂಡ ಬ್ರಿಟಿಷರು 1861ರಲ್ಲಿ ಕೊಡಗಿನವರಿಗೆ ವಿನಾಯಿತಿ ಕೊಟ್ಟರು. ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಬಂದೂಕು ಪರವಾನಗಿಯ ವಿನಾಯಿತಿ ಇಂದಿಗೂ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನ ದಿನ ಕೋವಿ, ಪೀಚೆಕತ್ತಿಗಳಿಗೆ ತೋಕ್‌ಪೂ ಹೂ ಮುಡಿಸಿ ಪೂಜೆ. 1919ರಲ್ಲಿ ಭಾರತೀಯರಿಗೂ ಅಧಿಕಾರಿ ಹುದ್ದೆ ಕೊಡಲು ಇಂದೋರಿನಲ್ಲಿ ತರಬೇತಿ ಪಡೆದ ಮೊದಲ ತಂಡದಲ್ಲಿ ಕಾರ್ಯಪ್ಪ ಇದ್ದರು. ಒಬ್ಬ ಹೋದ ದಾರಿಯಲ್ಲಿ ಹತ್ತು ಜನ. 1942ರಲ್ಲಿ ಕೂರ್ಗ್ ಬೆಟಾಲಿಯನ್ ಎಂದೇ ಒಂದು ಪಡೆ ಕಟ್ಟಿದರು. ಆಮೇಲೆ ಅದನ್ನು ಫಿರಂಗಿ ದಳಕ್ಕೆ ಸೇರಿಸಿ ಟ್ಯಾಂಕ್ ನಿರೋಧಕ ರೆಜಿಮೆಂಟ್ ಮಾಡಿದರು. ತಿಂಗಳ ಸಂಬಳ, ಪಿಂಚಣಿ, ಮಕ್ಕಳ ಓದು ಎಂಬ ಲೆಕ್ಕವೂ ಇತ್ತು. ಅದನ್ನು ಹೇಳಿದರೆ ಶೌರ್ಯಕ್ಕೇನೂ ಕಡಿಮೆಯಾಗದು. ಕೂಡಿಗೆಯಲ್ಲಿ 2007ರಿಂದ ಸೈನಿಕ ಶಾಲೆಯೂ ಇದೆ.

ಎಲ್ಲರೂ ಕೊಡವರು ಎಂಬುದು ಖಂಡಿತ ತಪ್ಪು. ಅರೆಭಾಷೆ ಗೌಡರು, ಮುಸ್ಲಿಮರು, ಕ್ರೈಸ್ತರು, ಸೋಮವಾರಪೇಟೆ ಕಡೆಯ ಲಿಂಗಾಯತರು, ಒಕ್ಕಲಿಗರು, ಮಲಯಾಳಿ ತಮಿಳು ಮನೆಗಳವರು, ಎಲ್ಲರೂ ಸೇನೆಯಲ್ಲಿದ್ದಾರೆ. ಸ್ಮಾರಕದ ಎದುರು ನಿಂತು ಹೆಸರುಗಳನ್ನು ಓದಿದರೆ ಸಾಕು, ಇದು ತಾನಾಗಿ ಗೊತ್ತಾಗುತ್ತದೆ. ತೊಂದರೆಯೆಂದರೆ ಬಂದವರು ಟ್ಯಾಂಕಿನ ಎದುರು ನಿಲ್ಲುತ್ತಾರೆ, ಹೆಸರಿನ ಎದುರು ನಿಲ್ಲುವುದಿಲ್ಲ.

ಇದಕ್ಕೂ ಹಳೆಯ ಸ್ಮಾರಕಗಳು ಇವೆಯೇ?

ವೀರಗಲ್ಲುಗಳು ಕೊಡಗಿನಲ್ಲೂ ಸಿಕ್ಕಿವೆ. ಕರ್ನಾಟಕದ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಅವನು ಶಿವಲಿಂಗದ ಎದುರು ಕೂತಿರುವುದು. ದನ ಕಾಯಲು ಹೋಗಿ ಸತ್ತ ಸಾಮಾನ್ಯನಿಗೂ ಕಲ್ಲು ನಿಲ್ಲಿಸುತ್ತಿದ್ದರು. ಹೆಸರು ಕೆತ್ತಿಸಿಕೊಳ್ಳಲು ಆಗ ಅಧಿಕಾರಿಯಾಗಿರಬೇಕೆಂದಿರಲಿಲ್ಲ. ಬಸ್ರಾಕ್ಕಿಂತ ನಮ್ಮ ಹಳ್ಳಿಯ ಗೌಡ ವಾಸಿ.

ಮಡಿಕೇರಿಯ ಗದ್ದಿಗೆಯಲ್ಲಿ ದೊಡ್ಡವೀರರಾಜೇಂದ್ರ, ಲಿಂಗರಾಜೇಂದ್ರರ ಗೋರಿಗಳ ಗುಮ್ಮಟ ನೋಡಿ ಜನ ವಾಪಸು ಬರುತ್ತಾರೆ. ಅಲ್ಲೇ ಹತ್ತಿರದಲ್ಲಿ ಅರಸರ ಅಧಿಕಾರಿಗಳಾಗಿದ್ದ ಬಿದ್ದಂಡ ಬೋಪು ಮತ್ತು ಅವರ ಮಗ ಬಿದ್ದಂಡ ಸೋಮಯ್ಯನವರ ಸಮಾಧಿಗಳೂ ಇವೆ, ಅವನ್ನೂ ನೋಡಿ. ಇನ್ನು ಐನ್‌ಮನೆಗಳ ಹತ್ತಿರದ ಕೈಮಡ: ಒಕ್ಕದ ಹಿರಿಯರಿಗೆ, ಮೂಲಪುರುಷನಾದ ಗುರುಕಾರೋಣನಿಗೆ ಮೀದಿ, ಅಂದರೆ ಎಡೆ, ಇಡುವ ಜಾಗ. ಅದು ಮನೆಯವರ ಪೂಜಾಸ್ಥಾನ, ಕರೆಯದೆ ಹೋಗಬಾರದು.

ಮಕ್ಕಳನ್ನು ಕರೆದುಕೊಂಡು ಹೋಗಬಹುದಾ? ಫೋಟೊ ತೆಗೆಯಬಹುದಾ?

ಧಾರಾಳವಾಗಿ. ಟ್ಯಾಂಕಿನ ಮೇಲೆ ಹತ್ತಿಸಬೇಡಿ, ಸ್ಮಾರಕದ ಕಟ್ಟೆಯ ಮೇಲೆ ಕೂರಿಸಬೇಡಿ. ಮದುವೆಗೆ ಮುಂಚಿನ ಫೋಟೊ ಶೂಟಿಗೆ ಕೊಡಗಿನಲ್ಲಿ ಬೇಕಾದಷ್ಟು ಕಾಫಿ ತೋಟಗಳಿವೆ.

ಪೊಲೀಸರು, ಅರಣ್ಯ ಸಿಬ್ಬಂದಿಗೆ?

ಅವರ ದಿನಗಳು ಬೇರೆ. ಅಕ್ಟೋಬರ್ 21 ಪೊಲೀಸ್ ಹುತಾತ್ಮರ ದಿನ. 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀಯರ ದಾಳಿಗೆ ಬಲಿಯಾದ ಹತ್ತು ಮಂದಿ ಕೇಂದ್ರ ಮೀಸಲು ಪೊಲೀಸರ ನೆನಪಿನಲ್ಲಿ ಆರಂಭವಾದದ್ದು. ಸೆಪ್ಟೆಂಬರ್ 11 ಅರಣ್ಯ ಹುತಾತ್ಮರ ದಿನ. ಆನೆ, ಕಾಳ್ಗಿಚ್ಚು, ಕಳ್ಳಬೇಟೆಗಾರರ ನಡುವೆ ಕೆಲಸ ಮಾಡುವ ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಬರುವ ಜನ ತೀರಾ ಕಡಿಮೆ. ಯಾಕೆಂದು ಅರ್ಥವಾಗುವುದಿಲ್ಲ.

ಹೂವು ತರಬಹುದಾ? ಹಣ ಕೊಡುವುದಾದರೆ ಎಲ್ಲಿ?

ಹೂವು ತನ್ನಿ, ಸುತ್ತಿದ ಪ್ಲಾಸ್ಟಿಕ್ ಹಾಳೆ ವಾಪಸು ಒಯ್ಯಿರಿ. ಅಧಿಕೃತ ಕಾರ್ಯಕ್ರಮದ ದಿನ ಪುಷ್ಪಚಕ್ರ ಇಡುವ ಸರದಿ ಮೊದಲೇ ನಿಗದಿಯಾಗಿರುತ್ತದೆ. ಸಂಘದ ಪರವಾಗಿ ಇಡಬೇಕಿದ್ದರೆ ಮುಂಚಿತವಾಗಿ ಹೆಸರು ಕೊಡಿ, ಸಾಮಾನ್ಯರು ಅದು ಮುಗಿದ ಮೇಲೆ ಸಾಲಾಗಿ ಹೋಗಿ ಇಡಬಹುದು. ಹಣ ಕೊಡಲು ಸರಿಯಾದ ಜಾಗ ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿ. 1949ರಿಂದ ಡಿಸೆಂಬರ್ 7ರಂದು ಧ್ವಜ ದಿನ. ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣಗಳ ಪುಟ್ಟ ಧ್ವಜ ಕೊಟ್ಟು ವಂತಿಗೆ ಪಡೆಯುತ್ತಾರೆ. ಆ ಹಣ ಹುತಾತ್ಮರ ಕುಟುಂಬಗಳಿಗೆ, ಗಾಯಗೊಂಡವರಿಗೆ, ಮಾಜಿ ಸೈನಿಕರಿಗೆ ಹೋಗುತ್ತದೆ. ವರ್ಷದ ಉಳಿದ ದಿನಗಳಲ್ಲೂ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಕೊಟ್ಟು ರಸೀದಿ ಪಡೆಯಬಹುದು. ರಸ್ತೆಯಲ್ಲಿ ಡಬ್ಬಿ ಹಿಡಿದು ಸೈನಿಕರ ಹೆಸರು ಹೇಳುವವರಿಂದಲೂ ರಸೀದಿ ಕೇಳಿ, ಕೊಡದಿದ್ದರೆ ಹಣ ಹಾಕಬೇಡಿ.